ಕರಾವಳಿಗೊಂದು ಕಬಡ್ಡಿ ತಂಡ: ಲೆಕ್ಕ ಕೂಡೀತೇ?

ಮಳೆ ಹಿಂದೆ ಸರಿದು ಗದ್ದೆಗಳ ಕೊಯ್ಲು ಮುಗಿಯುತ್ತಿದ್ದಂತೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ ಸುತ್ತಿನ ಊರುಗಳಲ್ಲಿ 'ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ'ಯ ಭಿತ್ತಿಪತ್ರಗಳು ಕಾಣಿಸಿಕೊಳ್ಳುತ್ತವೆ. ರಾತ್ರಿ ಆರಂಭವಾದ ಆಟ ಬೆಳಗಿನ ಜಾವದವರೆಗೆ ನಡೆದರೂ ಜನ ಕದಲುವುದಿಲ್ಲ. ಉಡುಪಿ, ದಕ್ಷಿಣ ಕನ್ನಡ ಜಿಲ್ಲೆಗಳಲ್ಲಿಯೂ ಇದೇ ದೃಶ್ಯ. ಖರ್ಚಿನ ಬಹುಪಾಲು ಊರಿನ ದಾನಿಗಳದು. ಮುಂಬಯಿಯಲ್ಲಿಯೋ ಕೊಲ್ಲಿ ದೇಶದಲ್ಲಿಯೋ ದುಡಿಯುವ ಊರ ಮಗನದು. ಇಷ್ಟು ಪ್ರೇಕ್ಷಕರು, ಇಷ್ಟು ಆಟಗಾರರು, ಇಷ್ಟು ಅಭಿಮಾನವಿರುವ ಕರಾವಳಿಗೆ ತನ್ನದೇ ಆದ ಒಂದು ವೃತ್ತಿಪರ ಕಬಡ್ಡಿ ತಂಡ ಏಕಿರಬಾರದು ಎಂಬ ಪ್ರಶ್ನೆ ಸಹಜವಾಗಿಯೇ ಏಳುತ್ತದೆ. ಮಂಗಳೂರಿನಂಥ ಮಧ್ಯಮ ಗಾತ್ರದ ನಗರ ಅಂಥ ತಂಡವನ್ನು ಸಾಕಬಲ್ಲುದೇ?

ಈ ಪ್ರಶ್ನೆಗೆ ಸಾಮಾನ್ಯವಾಗಿ ಎರಡು ಬಗೆಯ ಉತ್ತರಗಳು ಕೇಳಿಬರುತ್ತವೆ. ಅಭಿಮಾನಿಗಳು 'ಖಂಡಿತ ಸಾಧ್ಯ' ಎನ್ನುತ್ತಾರೆ. ವ್ಯವಹಾರ ಬಲ್ಲವರು 'ಬೆಂಗಳೂರಿನ ಆಚೆ ಹಣ ಹುಟ್ಟುವುದಿಲ್ಲ' ಎನ್ನುತ್ತಾರೆ. ಎರಡೂ ಉತ್ತರಗಳು ಜನಸಂಖ್ಯೆಯನ್ನಷ್ಟೇ ನೋಡುತ್ತವೆ. ನೋಡಬೇಕಾದದ್ದು ಬೇರೆ: ತಂಡ ತನ್ನ ಊರಿನಲ್ಲಿ ವರ್ಷಕ್ಕೆ ಎಷ್ಟು ಸಂಜೆ ಆಡುತ್ತದೆ, ಆ ಸಂಜೆಯ ಟಿಕೆಟ್ ಹಣ ಯಾರ ಕೈ ಸೇರುತ್ತದೆ ಮತ್ತು ನಷ್ಟವಾದರೆ ಅದನ್ನು ಹೊರುವವರು ಯಾರು.

2014ರಲ್ಲಿ ಎಂಟು ತಂಡಗಳೊಂದಿಗೆ ಆರಂಭವಾದ ಪ್ರೊ ಕಬಡ್ಡಿ ಲೀಗ್ 2017ರಲ್ಲಿ ಹನ್ನೆರಡಕ್ಕೆ ಬೆಳೆಯಿತು. ಮಣ್ಣಿನ ಆಟ ಮ್ಯಾಟಿನ ಮೇಲೆ, ಸೂರಿನಡಿಗೆ ಬಂದು ದೂರದರ್ಶನಕ್ಕೆ ಒಗ್ಗಿತು. ಆಟಗಾರರಿಗೆ ಹಿಂದೆಂದೂ ಕಾಣದ ಸಂಭಾವನೆ ದೊರೆಯಿತು. ಇದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಊರಿನ ಹೆಸರು ಹೊತ್ತ ತಂಡ ಊರಿಗೆ ಎಷ್ಟು ದಕ್ಕಿತು ಎಂಬುದು ಬೇರೆಯೇ ಪ್ರಶ್ನೆ. ಬೆಂಗಳೂರು ಬುಲ್ಸ್ ತಂಡವನ್ನೇ ನೋಡಿ. 2017ರಲ್ಲಿ ಅದರ ತವರಿನ ಪಂದ್ಯಗಳು ನಡೆದದ್ದು ನಾಗಪುರದಲ್ಲಿ. 2021–22ರಲ್ಲಿ ಇಡೀ ಲೀಗ್ ಬೆಂಗಳೂರಿನಲ್ಲಿಯೇ ನಡೆದರೂ ಕೋವಿಡ್ ಕಾರಣದಿಂದ ಪ್ರೇಕ್ಷಕರಿಗೆ ಪ್ರವೇಶವಿರಲಿಲ್ಲ. 2024ರಲ್ಲಿ ಪಂದ್ಯಗಳು ಹೈದರಾಬಾದ್, ನೊಯ್ಡಾ, ಪುಣೆಗಳಲ್ಲಿ ನಡೆದವು. 2025ರಲ್ಲಿ ವಿಶಾಖಪಟ್ಟಣ, ಜೈಪುರ, ಚೆನ್ನೈ, ದೆಹಲಿಗಳಲ್ಲಿ. ಕೋಟಿಗೂ ಮಿಕ್ಕಿ ಜನರಿರುವ ರಾಜಧಾನಿಯ ತಂಡವೇ ಹಲವು ಋತುಗಳಲ್ಲಿ ತನ್ನ ಊರಿನಲ್ಲಿ ಆಡದೆ ಹೋಯಿತು.

ಕ್ರಿಕೆಟ್ಟಿನ ಅನುಭವವೂ ಹೆಚ್ಚು ಭಿನ್ನವಲ್ಲ. 2009ರಲ್ಲಿ ಆರಂಭವಾದ ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಮಂಗಳೂರು, ಶಿವಮೊಗ್ಗ, ಬೆಳಗಾವಿ, ಬಳ್ಳಾರಿ, ಬಿಜಾಪುರದ ಹೆಸರುಗಳಿದ್ದವು. ಪಂದ್ಯಗಳು ನಡೆದದ್ದು ಮುಖ್ಯವಾಗಿ ಬೆಂಗಳೂರು, ಮೈಸೂರು, ಹುಬ್ಬಳ್ಳಿಗಳಲ್ಲಿ. 2019ರಲ್ಲಿ ಮೋಸದಾಟದ ಆರೋಪ, ಬಂಧನಗಳಿಂದ ಲೀಗ್ ಸ್ಥಗಿತಗೊಂಡಿತು. ಆಟಗಾರರ ಮೇಲಿನ ವಂಚನೆಯ ಮೊಕದ್ದಮೆಯನ್ನು ಉಚ್ಚ ನ್ಯಾಯಾಲಯ 2022ರ ಜನವರಿಯಲ್ಲಿ ರದ್ದುಪಡಿಸಿತು. ಅದೇ ವರ್ಷ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ಆರು ತಂಡಗಳ ಹೊಸ ಲೀಗ್ ಬಂತು. 2025ರಲ್ಲಿ ಮಂಗಳೂರು ಡ್ರ್ಯಾಗನ್ಸ್ ಪ್ರಶಸ್ತಿ ಗೆದ್ದದ್ದು ಮೈಸೂರಿನ ಮೈದಾನದಲ್ಲಿ. ಮಂಗಳೂರಿಗೆ ದೊರೆತದ್ದು ಕೀರ್ತಿ ಮಾತ್ರ. ತಾನು ಕಣ್ಣಾರೆ ನೋಡಲಾಗದ ತಂಡವನ್ನು ಊರು ಎಷ್ಟು ಕಾಲ ತನ್ನದೆಂದು ಭಾವಿಸೀತು?

ಈಗ ಲೆಕ್ಕಕ್ಕೆ ಬರೋಣ. ಪ್ರೊ ಕಬಡ್ಡಿಯಲ್ಲಿ ಒಂದು ತಂಡ ಆಟಗಾರರಿಗೆಂದು ವೆಚ್ಚ ಮಾಡಬಹುದಾದ ಮಿತಿ 2023ರ ಹರಾಜಿನಿಂದ ಐದು ಕೋಟಿ ರೂಪಾಯಿ. ಅದೇ ಹರಾಜಿನಲ್ಲಿ ಒಬ್ಬ ಆಟಗಾರ ಎರಡೂವರೆ ಕೋಟಿಗೂ ಹೆಚ್ಚಿನ ಬೆಲೆಗೆ ಹೋದದ್ದುಂಟು. 2023–24ರಲ್ಲಿ ಲೀಗ್ ಹನ್ನೆರಡು ನಗರಗಳನ್ನೂ ಸುತ್ತಿದಾಗ ಪ್ರತಿ ನಗರದ ಪಾಲಿಗೆ ಬಂದದ್ದು ಸುಮಾರು ಆರು ಸಂಜೆ. ಮಂಗಳೂರಿನಲ್ಲಿ ಐದು ಸಾವಿರ ಆಸನಗಳ ಒಳಾಂಗಣ ಕ್ರೀಡಾಂಗಣವಿದೆಯೆಂದೂ, ಆರು ಸಂಜೆಯೂ ಅದು ತುಂಬುತ್ತದೆಂದೂ, ಟಿಕೆಟಿಗೆ ಮುನ್ನೂರು ರೂಪಾಯಿಯೆಂದೂ ಊಹಿಸಿಕೊಳ್ಳೋಣ. ಬರುವುದು 90 ಲಕ್ಷ. ಆಟಗಾರರ ಸಂಭಾವನೆಯ ಐದನೇ ಒಂದು ಭಾಗಕ್ಕೂ ಅದು ಸಾಲದು. ಉಳಿದದ್ದು ಪ್ರಸಾರದ ಹಕ್ಕು, ಜಾಹೀರಾತು ಮತ್ತು ಮಾಲೀಕನ ಜೇಬಿನಿಂದಲೇ ಬರಬೇಕು. ಆದುದರಿಂದ ಅಂಥ ತಂಡದ ನಿಜವಾದ ತವರು ದೂರದರ್ಶನವೇ ಹೊರತು ಊರಲ್ಲ. ಈ ಮಾದರಿಯಲ್ಲಿ ಮಂಗಳೂರು ಮಾತ್ರವಲ್ಲ, ಹುಬ್ಬಳ್ಳಿ-ಧಾರವಾಡ, ಮೈಸೂರುಗಳೂ ತಂಡವನ್ನು ಸಾಕಲಾರವು.

ಹಾಗೆಂದು ಮಧ್ಯಮ ನಗರಗಳಿಗೆ ವೃತ್ತಿಪರ ಕ್ರೀಡೆ ಒಗ್ಗುವುದೇ ಇಲ್ಲವೆಂದು ತೀರ್ಮಾನಿಸಬೇಕಾಗಿಲ್ಲ. ಉತ್ತರ ಅಮೆರಿಕದ ಒಳಾಂಗಣ ಲ್ಯಾಕ್ರಾಸ್ ಇದಕ್ಕೆ ಒಳ್ಳೆಯ ಉದಾಹರಣೆ. ಅಲ್ಲಿನ ಮೂಲನಿವಾಸಿಗಳಿಂದ ಬಂದ ಈ ಆಟದಲ್ಲಿ ಬಲೆ ಕಟ್ಟಿದ ಕೋಲಿನಿಂದ ಚೆಂಡನ್ನು ಹಿಡಿದು ಎಸೆಯುತ್ತಾರೆ. ನಮಗೆ ಕಬಡ್ಡಿ ಇದ್ದಂತೆ ಅವರಿಗೆ ಅದು ನೆಲದ ಆಟ. ಕೆನಡಾದ ಎಡ್ಮಂಟನ್ ಹತ್ತು ಲಕ್ಷಕ್ಕೂ ಮಿಕ್ಕಿ ಜನರಿರುವ ನಗರ. ಅಲ್ಲಿನ ರಶ್ ತಂಡ 2015ರಲ್ಲಿ ರಾಷ್ಟ್ರೀಯ ಲ್ಯಾಕ್ರಾಸ್ ಲೀಗ್ ಗೆದ್ದಿತು. ಅದೇ ವರ್ಷ ಊರು ಬಿಟ್ಟು ಸಾಸ್ಕಟೂನ್ ಎಂಬ ನಗರಕ್ಕೆ ಹೋಯಿತು. ಸಾಸ್ಕಟೂನ್‌ನ ಜನಸಂಖ್ಯೆ ಸುಮಾರು ಮೂರು ಲಕ್ಷ. ಅಂದರೆ ಮಂಗಳೂರಿಗಿಂತ ಚಿಕ್ಕದು. ಆದರೂ ಮೊದಲ ವರ್ಷಗಳಲ್ಲಿ ಅಲ್ಲಿನ ಹದಿನೈದು ಸಾವಿರ ಆಸನಗಳ ಕ್ರೀಡಾಂಗಣ ಬಹುತೇಕ ತುಂಬುತ್ತಿತ್ತು. ಎಡ್ಮಂಟನ್‌ನಲ್ಲಿ ಪ್ರಸಿದ್ಧ ಐಸ್ ಹಾಕಿ ತಂಡದ ನೆರಳಿನಲ್ಲಿ ಬದುಕಬೇಕಾಗಿದ್ದ ತಂಡಕ್ಕೆ ಸಾಸ್ಕಟೂನ್‌ನಲ್ಲಿ ಅಂಥ ದೊಡ್ಡ ಪ್ರತಿಸ್ಪರ್ಧಿ ಇರಲಿಲ್ಲ.

ಇದಕ್ಕಿಂತಲೂ ಗಮನಿಸಬೇಕಾದ ಸಂಗತಿ ಆ ಲೀಗಿನ ಒಳಗಿನ ವ್ಯವಸ್ಥೆ. ಹದಿನೆಂಟು ಪಂದ್ಯಗಳ ಋತುವಿನಲ್ಲಿ ಒಂಬತ್ತನ್ನು ತಂಡ ತನ್ನ ಊರಿನಲ್ಲಿಯೇ ಆಡುತ್ತದೆ. ಪಂದ್ಯಗಳು ಹೆಚ್ಚಾಗಿ ವಾರಾಂತ್ಯದಲ್ಲಿ. ಆಟಗಾರರ ಸಂಬಳ ಸಾಧಾರಣ; ಅವರಲ್ಲಿ ಅನೇಕರು ಉಳಿದ ದಿನಗಳಲ್ಲಿ ಶಿಕ್ಷಕರಾಗಿಯೋ ಅಗ್ನಿಶಾಮಕ ಸಿಬ್ಬಂದಿಯಾಗಿಯೋ ದುಡಿಯುತ್ತಾರೆ. ಖರ್ಚು ಊರಿನ ಅಳತೆಗೆ ತಕ್ಕಂತಿದೆ. ಸಾಸ್ಕಟೂನ್‌ನಲ್ಲಿಯೂ ಮುಂದಿನ ವರ್ಷಗಳಲ್ಲಿ ಪ್ರೇಕ್ಷಕರ ಸಂಖ್ಯೆ ಇಳಿಯಿತು. ಆದರೂ ತಂಡ ಉಳಿಯಿತು.

ಇಷ್ಟು ದೂರದ ಉದಾಹರಣೆ ಬೇಡವೆನ್ನುವವರಿಗೆ ಮನೆಯಂಗಳದಲ್ಲಿಯೇ ಒಂದಿದೆ. ಕರಾವಳಿ ಕಳೆದ ಶತಮಾನದುದ್ದಕ್ಕೂ ವೃತ್ತಿಪರ ತಂಡಗಳನ್ನು ಸಾಕಿಕೊಂಡು ಬಂದಿದೆ. ಅವುಗಳನ್ನು ನಾವು ಯಕ್ಷಗಾನ ಮೇಳಗಳೆಂದು ಕರೆಯುತ್ತೇವೆ. ಹೊನ್ನಾವರ ತಾಲ್ಲೂಕಿನ ಕೆರೆಮನೆಯಲ್ಲಿ ಶಿವರಾಮ ಹೆಗಡೆಯವರು ಇಡಗುಂಜಿ ಮೇಳವನ್ನು ಕಟ್ಟಿದ್ದು 1934ರಲ್ಲಿ. ದೀಪಾವಳಿಯ ಆಸುಪಾಸಿನಲ್ಲಿ ತಿರುಗಾಟ ಹೊರಟು, ಮಳೆಗೆ ಮುನ್ನ ಪತ್ತನಾಜೆಯ ಹೊತ್ತಿಗೆ ಗೆಜ್ಜೆ ಬಿಚ್ಚುವ ಈ ಮೇಳಗಳಿಗೆ ತವರೆಂದರೆ ಒಂದೇ ನಗರವಲ್ಲ, ಇಡೀ ಸೀಮೆ. ಟೆಂಟ್ ಮೇಳಗಳು ಟಿಕೆಟ್ ಮಾರಿದವು. ಕಂಟ್ರಾಕ್ಟ್ ಆಟಗಳಲ್ಲಿ ಊರಿನವರು ಮೇಳಕ್ಕೆ ನಿಗದಿತ ವೀಳ್ಯ ಕೊಟ್ಟು ಲಾಭ ನಷ್ಟಗಳನ್ನು ತಾವೇ ಹೊತ್ತರು. ಹರಕೆ ಮೇಳಗಳ ಆಟವನ್ನು ಭಕ್ತರೇ ಆಡಿಸಿದರು. ಸುರತ್ಕಲ್, ಕರ್ನಾಟಕ ಮೇಳಗಳಂಥ ಹೆಸರಾಂತ ಟೆಂಟ್ ಮೇಳಗಳು ಕಣ್ಮರೆಯಾದದ್ದೂ ಇದೇ ನೆಲದಲ್ಲಿ. ಟಿಕೆಟನ್ನೇ ನಂಬಿದವರಿಗೆ ಕಷ್ಟ ಹೆಚ್ಚು, ಅಪಾಯವನ್ನು ಹಲವರಲ್ಲಿ ಹಂಚಿಕೊಂಡವರಿಗೆ ಬಾಳಿಕೆ ಹೆಚ್ಚು ಎಂಬುದು ಅದರ ಪಾಠ.

ಕಬಡ್ಡಿ ತಂಡವನ್ನೂ ಈ ಅಚ್ಚಿನಲ್ಲಿ ಎರೆಯಬಹುದು. 2011ರ ಜನಗಣತಿಯಂತೆ ಉತ್ತರ ಕನ್ನಡ, ಉಡುಪಿ, ದಕ್ಷಿಣ ಕನ್ನಡ ಮೂರೂ ಜಿಲ್ಲೆಗಳ ಜನಸಂಖ್ಯೆ 47 ಲಕ್ಷ. ತಂಡದ ಹೆಸರು ಮಂಗಳೂರಿನದಲ್ಲ, ಕರಾವಳಿಯದಾಗಲಿ. ಒಂದೇ ಕೈಯಿಂದ ಚಪ್ಪಾಳೆಯಾಗದು, ಎದುರಾಳಿಗಳು ಬೇಕು. ಹುಬ್ಬಳ್ಳಿ-ಧಾರವಾಡ, ಮೈಸೂರು, ಮಂಡ್ಯ, ಶಿವಮೊಗ್ಗ, ಬೆಂಗಳೂರು ಸೇರಿ ಆರು ತಂಡಗಳ ರಾಜ್ಯ ಲೀಗ್ ಏರ್ಪಟ್ಟು, ಪ್ರತಿ ಎದುರಾಳಿಯೊಡನೆ ತವರಿನಲ್ಲಿ ನಾಲ್ಕು ಪಂದ್ಯಗಳಾದರೆ ಇಪ್ಪತ್ತು ಸಂಜೆಗಳು ದೊರೆಯುತ್ತವೆ. ಅವುಗಳಲ್ಲಿ ಹತ್ತು ಮಳೆಗಾಲದಲ್ಲಿ, ಮಂಗಳೂರಿನ ಸೂರಿನಡಿಯಲ್ಲಿ ನಡೆಯಲಿ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಾಡಿನಲ್ಲಿ ಒಳಾಂಗಣದ ನಿಜವಾದ ಉಪಯೋಗ ಅದೇ. ಮೇಳಗಳಿಗೂ ಬಯಲಿನ ಪಂದ್ಯಾವಳಿಗಳಿಗೂ ಆಗ ಬಿಡುವು. ಆದರೆ ಜೂನ್, ಜುಲೈ ತಿಂಗಳುಗಳಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದ್ದು ಬಂದರು ಊರುಗಳ ಕೈಯಲ್ಲಿ ಹಣವಿರುವುದಿಲ್ಲ; ಆಗಸ್ಟ್ ನಂತರ ಆರಂಭಿಸುವುದೇ ವಿವೇಕ.

ಉಳಿದ ಹತ್ತು ಪಂದ್ಯಗಳು ದೀಪಾವಳಿಯ ಬಳಿಕ ಕುಂದಾಪುರ, ಭಟ್ಕಳ, ಹೊನ್ನಾವರ, ಕುಮಟಾಗಳಲ್ಲಿ ಕಂಟ್ರಾಕ್ಟ್ ಆಟಗಳಾಗಿ ನಡೆಯಲಿ. ಉಚಿತವಾಗಿ ಕಬಡ್ಡಿ ನೋಡಿ ರೂಢಿಯಾದವರು ಹಣ ತೆತ್ತು ಬರುತ್ತಾರೆಯೇ ಎಂಬ ಸಂದೇಹಕ್ಕೂ ಇದರಲ್ಲಿ ಉತ್ತರವಿದೆ. ಈಗಾಗಲೇ ಪಂದ್ಯಾವಳಿ ನಡೆಸುತ್ತಿರುವ ಯುವಕ ಸಂಘಗಳು ಪ್ರತಿಸ್ಪರ್ಧಿಗಳಾಗದೆ ಗಿರಾಕಿಗಳಾಗುತ್ತವೆ. ಒಂದು ರಾತ್ರಿಯ ಪಂದ್ಯವನ್ನು ಕೊಂಡು, ದಾನಿಗಳ ನೆರವಿನಿಂದಲೋ ಟಿಕೆಟಿನಿಂದಲೋ ಹಣ ಹೊಂದಿಸಿಕೊಳ್ಳುವುದು ಅವರಿಗೆ ಹೊಸ ವಿದ್ಯೆಯೇನಲ್ಲ.

ಸಂಜೆಯೊಂದಕ್ಕೆ ಸರಾಸರಿ ಎರಡೂವರೆ ಸಾವಿರ ಜನ, ತಲಾ ನೂರೈವತ್ತು ರೂಪಾಯಿ ಎಂದು ಹಿಡಿದರೆ ಇಪ್ಪತ್ತು ಸಂಜೆಗಳಿಗೆ 75 ಲಕ್ಷ. ಹದಿನೈದು ಆಟಗಾರರಿಗೆ ಸರಾಸರಿ ಐದು ಲಕ್ಷದಂತೆ ಸಂಬಳವೂ ಅಷ್ಟೇ. ತರಬೇತಿ, ಪ್ರಯಾಣ, ಬಾಡಿಗೆ, ವಿಮೆಗಳಿಗೆ ಇನ್ನಷ್ಟೇ ಮೊತ್ತ ಬೇಕಾದೀತು. ಅದನ್ನು ಪ್ರಾಯೋಜಕರು ಮತ್ತು ಷೇರುದಾರರಾದ ಅಭಿಮಾನಿಗಳು ತುಂಬಬೇಕು. ಇವು ಅಂದಾಜಿನ ಅಂಕಿಗಳು. ಆದರೂ ಕೋಟಿಗಳ ಕೊರತೆಗೂ ಲಕ್ಷಗಳ ಕೊರತೆಗೂ ಇರುವ ಅಂತರ ಇವುಗಳಿಂದ ಸ್ಪಷ್ಟವಾಗುತ್ತದೆ. ಎರಡನೆಯದನ್ನು ಒಂದು ಸೀಮೆಯ ಜನ ತುಂಬಿಕೊಡಬಲ್ಲರು.

ಇಷ್ಟೆಲ್ಲ ಏಕೆ ಎಂದು ಕೇಳಿದರೆ, ಉತ್ತರ ಆಟಗಾರರ ಬದುಕಿನಲ್ಲಿದೆ. ಕಾರ್ಕಳ ತಾಲ್ಲೂಕಿನ ಹೆರ್ಮುಂಡೆಯ ಮಮತಾ ಪೂಜಾರಿ ಏಷ್ಯನ್ ಕ್ರೀಡಾಕೂಟದ ಚಿನ್ನದವರೆಗೆ ಏರಿದರು. ಅವರಿಗೆ ಜೀವನೋಪಾಯ ಒದಗಿಸಿದ್ದು ರೈಲ್ವೆಯ ನೌಕರಿ. ಕರಾವಳಿಯ ಸುಕೇಶ್ ಹೆಗ್ಡೆ 2017ರಲ್ಲಿ ಗುಜರಾತ್ ತಂಡದ, ಪ್ರಶಾಂತ್ ಕುಮಾರ್ ರೈ 2021–22ರಲ್ಲಿ ಪಟ್ನಾ ತಂಡದ ನಾಯಕರಾದರು. ಇಲ್ಲಿನ ಪ್ರತಿಭೆ ಪರರಾಜ್ಯದ ತಂಡಗಳನ್ನು ಮುನ್ನಡೆಸಬಲ್ಲುದು. ಆದರೆ ಆ ಎತ್ತರಕ್ಕೆ ಏರುವವರು ಬೆರಳೆಣಿಕೆಯವರು. ಅವರ ಕೆಳಗಿನ ನೂರಾರು ಯುವಕರಿಗೆ ಹಿಂದೆ ಬ್ಯಾಂಕುಗಳ ಕ್ರೀಡಾ ನೇಮಕಾತಿಯೊಂದು ಆಸರೆಯಾಗಿತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾದೊಳಗೆ ಕರಗಿತು; ಮರುವರ್ಷ ಕಾರ್ಪೊರೇಷನ್ ಬ್ಯಾಂಕ್, ಸಿಂಡಿಕೇಟ್ ಬ್ಯಾಂಕ್‌ಗಳೂ ವಿಲೀನಗೊಂಡವು. ನೇಮಕಾತಿಯ ನಿರ್ಧಾರಗಳು ದೂರದ ಕೇಂದ್ರ ಕಚೇರಿಗಳಿಗೆ ಹೋದವು. ಪಂದ್ಯಾವಳಿಯ ಬಹುಮಾನವನ್ನು ನೆಚ್ಚಿ, ಮೊಣಕಾಲಿನ ಗಾಯಕ್ಕೆ ವಿಮೆಯೂ ಇಲ್ಲದೆ ಆಡುವ ಹುಡುಗನಿಗೆ ವರ್ಷಕ್ಕೆ ಐದು ಲಕ್ಷದ ಕರಾರು ಮತ್ತು ಚಿಕಿತ್ಸೆಯ ಭರವಸೆ ಅಲ್ಪವೇನಲ್ಲ. ಅದರ ಜೊತೆಗೆ ಸ್ಥಳೀಯ ಸಹಕಾರಿ ಸಂಘಗಳು, ಶಿಕ್ಷಣ ಸಂಸ್ಥೆಗಳು ಒಂದೊಂದು ನೌಕರಿ ಕೊಟ್ಟರೆ ಅವನ ಬದುಕು ನಿಲ್ಲುತ್ತದೆ.

ಸರ್ಕಾರದ ಪಾತ್ರವೇನು? ಇಲ್ಲಿ ಎಚ್ಚರಿಕೆ ಅಗತ್ಯ. ಕ್ರೀಡಾಂಗಣ ಕಟ್ಟಿಕೊಟ್ಟರೆ ಊರಿನ ಆರ್ಥಿಕತೆ ಬೆಳೆಯುತ್ತದೆ ಎಂಬ ವಾದವನ್ನು ಅಮೆರಿಕದ ನಗರಗಳು ದಶಕಗಳ ಕಾಲ ನಂಬಿ ಹಣ ಸುರಿದವು. ಹಾಕಿದ ಹಣ ಮರಳುವುದಿಲ್ಲವೆಂಬುದೇ ಅಲ್ಲಿನ ಬಹುತೇಕ ಅರ್ಥಶಾಸ್ತ್ರಜ್ಞರ ಅಭಿಪ್ರಾಯ. ಪಂದ್ಯದ ಟಿಕೆಟಿಗೆ ಹೋದ ನೂರೈವತ್ತು ರೂಪಾಯಿ ಬಹುಮಟ್ಟಿಗೆ ಹೋಟೆಲಿಗೋ ಸಿನಿಮಾಕ್ಕೋ ಹೋಗಬೇಕಾಗಿದ್ದ ಹಣವೇ. ಊರಿನ ಸಂಪತ್ತು ಅದರಿಂದ ಹೆಚ್ಚುವುದಿಲ್ಲ. ಆದುದರಿಂದ ಖಾಸಗಿ ತಂಡಕ್ಕಾಗಿ ಕ್ರೀಡಾಂಗಣ ಕಟ್ಟುವುದು ತಪ್ಪು. ಆದರೆ ಸಾರ್ವಜನಿಕರಿಗೆಂದು ಕಟ್ಟಿದ್ದನ್ನು ನಿಯಮಿತ ಬಾಡಿಗೆಗೆ ಕೊಡುವುದು ಸರಿ. ಮಂಗಳೂರಿನ ಉರ್ವದಲ್ಲಿ ಬ್ಯಾಡ್ಮಿಂಟನ್, ಕಬಡ್ಡಿಗೆಂದು ಸ್ಮಾರ್ಟ್ ಸಿಟಿ ಯೋಜನೆಯಡಿ ಕೈಗೆತ್ತಿಕೊಂಡ ಒಳಾಂಗಣ ಕ್ರೀಡಾಂಗಣವನ್ನು ಹತ್ತು ಸಂಜೆ ತಂಡಕ್ಕೂ, ಉಳಿದ ದಿನ ಶಾಲೆಯ ಮಕ್ಕಳಿಗೂ ತೆರೆದಿಟ್ಟರೆ ಸಾಕು. ಅದಕ್ಕಿಂತ ಹೆಚ್ಚಿನ ಸಹಾಯಧನ ಬೇಕಾಗಿಲ್ಲ.

ಕ್ರಿಕೆಟ್ ಲೀಗಿನ ಕಹಿ ಅನುಭವದಿಂದ ಕಲಿಯಬೇಕಾದ ಇನ್ನೊಂದು ಪಾಠವೂ ಇದೆ. ತಂಡ ಒಬ್ಬನ ಸ್ವತ್ತಾಗಬಾರದು. ಸಾವಿರಾರು ಸಣ್ಣ ಷೇರುದಾರರಿರುವ ಸಹಕಾರಿ ಸಂಸ್ಥೆಯಾಗಿ, ವರ್ಷಕ್ಕೊಮ್ಮೆ ಲೆಕ್ಕಪತ್ರವನ್ನು ಮಹಾಸಭೆಯ ಮುಂದಿಡುವಂತಾಗಬೇಕು. ಬ್ಯಾಂಕು, ಸಹಕಾರಿ ಸಂಘಗಳನ್ನು ಕಟ್ಟಿ ಬೆಳೆಸಿದ ಕರಾವಳಿಗೆ ಇದು ಅಪರಿಚಿತ ದಾರಿಯಲ್ಲ. ಮೊದಲ ಮೂರು ವರ್ಷ ನಷ್ಟವಾದೀತೆಂದು ಮುಂಚಿತವಾಗಿಯೇ ಒಪ್ಪಿಕೊಂಡು, ಅದಕ್ಕೆ ಬೇಕಾದ ಮೂಲಧನ ಕೂಡುವವರೆಗೆ ಒಬ್ಬ ಆಟಗಾರನೊಂದಿಗೂ ಕರಾರು ಮಾಡಿಕೊಳ್ಳಬಾರದು.

ಮಂಗಳೂರು ನಗರವೊಂದೇ ವೃತ್ತಿಪರ ಕಬಡ್ಡಿ ತಂಡವನ್ನು ಸಾಕಲಾರದು. ಕಾರವಾರದಿಂದ ಸುಳ್ಯದವರೆಗಿನ ಸೀಮೆ ಸಾಕಬಲ್ಲುದು. ಆದರೆ ಅದು ಹರಾಜಿನಲ್ಲಿ ಕೊಂಡು ತಂದ ತಂಡವಾಗಿರಬಾರದು. ತಿರುಗಾಟಕ್ಕೆ ಹೊರಡುವ ಮೇಳದಂತೆ ಊರೂರಿಗೆ ಬರುವ, ಹಾಸಿಗೆ ಇದ್ದಷ್ಟೇ ಕಾಲು ಚಾಚುವ ತಂಡವಾಗಿರಬೇಕು. ರಾಜ್ಯದ ಕಬಡ್ಡಿ ಸಂಸ್ಥೆ, ಮೂರು ಜಿಲ್ಲೆಗಳ ಸಹಕಾರಿ ಧುರೀಣರು ಮತ್ತು ಪಂದ್ಯಾವಳಿ ನಡೆಸುವ ಸಂಘಗಳು ಒಂದೆಡೆ ಕುಳಿತು ಮೊದಲು ಮಾಡಬೇಕಾದದ್ದು ತಂಡದ ಹೆಸರು, ಲಾಂಛನಗಳ ಆಯ್ಕೆಯನ್ನಲ್ಲ. ಇಪ್ಪತ್ತು ಸಂಜೆಗಳ ಪಟ್ಟಿಯನ್ನು, ಪ್ರತಿ ಸಂಜೆಯ ನಷ್ಟಕ್ಕೆ ಹೊಣೆಯಾಗುವವರ ಹೆಸರಿನೊಂದಿಗೆ.