ಹಂಸಲೇಖಗೆ ರಾಷ್ಟ್ರಪ್ರಶಸ್ತಿ ತಂದದ್ದು ನಮ್ಮ ಗವಾಯಿಗಳ ಕಥೆ: ಪ್ರಶಸ್ತಿ ಅತ್ತ ಹೋತು, ಇತ್ತ ಉಳಿದದ್ದೇನು?

ಹುಬ್ಬಳ್ಳಿ: ಸಿನಿಮಾ ಸಂಗೀತ ನಿರ್ದೇಶಕರಿಗೆ ಪ್ರಶಸ್ತಿ ಬಂತು ಅಂದ್ರ ಅದು ಬೆಂಗಳೂರಿನ ಸುದ್ದಿ, ನಮಗೇನು ಸಂಬಂಧ ಅಂತ ಬಿಟ್ಟುಬಿಡ್ತೀವಿ. ಆದರೆ ಕನ್ನಡ ಸಿನಿಮಾ ಸಂಗೀತಕ್ಕೆ ಬಂದ ದೊಡ್ಡ ಪ್ರಶಸ್ತಿಗಳಲ್ಲಿ ಒಂದರ ಬೇರು ನಮ್ಮ ಕಡೆನೇ ಐತಿ.

1987ರ 'ಪ್ರೇಮಲೋಕ'ದಿಂದ ಹಂಸಲೇಖ ಹೆಸರು ಮನೆಮನೆಗೆ ಮುಟ್ಟಿತ್ತು. ಅವರಿಗೆ ಅತ್ಯುತ್ತಮ ಸಂಗೀತ ನಿರ್ದೇಶನದ ರಾಷ್ಟ್ರಪ್ರಶಸ್ತಿ ಬಂದದ್ದು ಮಾತ್ರ 1995ರ 'ಸಂಗೀತ ಸಾಗರ ಗಾನಯೋಗಿ ಪಂಚಾಕ್ಷರ ಗವಾಯಿ' ಚಿತ್ರಕ್ಕೆ. ಇದೇ ಚಿತ್ರದ ಹಾಡಿಗೆ ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರಿಗೂ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಂತು. ಎಸ್‌ಪಿಬಿ ಪಡೆದ ಒಟ್ಟು ಆರು ರಾಷ್ಟ್ರಪ್ರಶಸ್ತಿಗಳಲ್ಲಿ ಕನ್ನಡದ್ದು ಇದೊಂದೇ.

ಗವಾಯಿಗಳು ಹುಟ್ಟಿದ್ದು 1892ರಲ್ಲಿ, ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ. ಹುಟ್ಟಿನಿಂದಲೇ ಕಣ್ಣಿರಲಿಲ್ಲ. ಹಾನಗಲ್ಲ ಕುಮಾರಸ್ವಾಮಿಗಳ ಆಸರೆಯಲ್ಲಿ ಬೆಳೆದು, ಕರ್ನಾಟಕ ಮತ್ತು ಹಿಂದೂಸ್ತಾನಿ ಎರಡೂ ಸಂಗೀತ ಕಲಿತು, ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮತ್ತು ಬಡ ಮಕ್ಕಳಿಗೆ ಊಟ ಹಾಕಿ ವಿದ್ಯೆ ಕೊಟ್ಟರು. ಸಿನಿಮಾಕ್ಕೆ ಪ್ರಶಸ್ತಿ ಬಂದಾಗ ಹಾನಗಲ್ಲ, ಗದಗ ಎರಡೂ ಧಾರವಾಡ ಜಿಲ್ಲೆಯಲ್ಲೇ ಇದ್ದವು. ಜಿಲ್ಲೆ ಮೂರು ಭಾಗ ಆದದ್ದು 1997ರಲ್ಲಿ.

ಯಾವ ಸಿನಿಮಾಕ್ಕೆ ದಿಲ್ಲಿ ಪ್ರಶಸ್ತಿ?

ಹಂಸಲೇಖರಿಗಿಂತ ಮೊದಲು ಬಿ.ವಿ. ಕಾರಂತರಿಗೆ 'ಋಷ್ಯಶೃಂಗ' (1976) ಮತ್ತು 'ಘಟಶ್ರಾದ್ಧ'ಕ್ಕೆ (1977) ಇದೇ ಪ್ರಶಸ್ತಿ ಬಂದಿತ್ತು. ಆಮೇಲೆ 2016ರ ಸಾಲಿನಲ್ಲಿ 'ಅಲ್ಲಮ' ಚಿತ್ರಕ್ಕೆ ಬಾಪು ಪದ್ಮನಾಭ ಅವರಿಗೆ ಬಂತು. ಈ ನಾಲ್ಕೂ ಚಿತ್ರ ಒಟ್ಟಿಗೆ ಇಟ್ಟು ನೋಡ್ರಿ. ಗಲ್ಲಾಪೆಟ್ಟಿಗೆ ತುಂಬಿಸಿದ ಹಾಡುಗಳಿಗೆ ಬಂದ ಪ್ರಶಸ್ತಿ ಇವಲ್ಲ. ಕಾರಂತರು ರಂಗಭೂಮಿಯವರು. ಅಲ್ಲಮನದು ವಚನದ ದಾರಿ. ಗವಾಯಿಗಳದು ಆಶ್ರಮ. ಗವಾಯಿ ಚಿತ್ರ ನಿರ್ದೇಶಿಸಿದ ಚಿಂದೋಡಿ ಬಂಗಾರೇಶ್ ಕೂಡ ನಾಟಕ ಕಂಪನಿ ಮನೆತನದವರೇ.

ಅಂದ್ರ ದಿಲ್ಲಿಯಲ್ಲಿ ಕನ್ನಡ ಸಿನಿಮಾ ಸಂಗೀತದ ಮರ್ಯಾದಿ ಹೆಚ್ಚಿಸಿದ್ದು ಮಠ, ಆಶ್ರಮ, ನಾಟಕ ಕಂಪನಿಯಲ್ಲಿ ಬೆಳೆದ ಸಂಗೀತ. ಅದು ನಮ್ಮ ಭಾಗದಾಗ ತುಂಬಿ ಐತಿ. ಗವಾಯಿಗಳ ಶಿಷ್ಯ ಬಸವರಾಜ ರಾಜಗುರು ಧಾರವಾಡದಲ್ಲಿ ನೆಲೆಸಿ ಪದ್ಮಭೂಷಣ ಪಡೆದರು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಇಬ್ಬರಿಗೂ ಪದ್ಮವಿಭೂಷಣ. ಭೀಮಸೇನ ಜೋಶಿಯವರಿಗೆ ಭಾರತರತ್ನ. ಗವಾಯಿಗಳ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೆ 2010ರಲ್ಲಿ ಪದ್ಮಭೂಷಣ ಬಂತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಅವರು ಲಿಂಗೈಕ್ಯರಾದರು.

ರಾಜ್ಯ ಪ್ರಶಸ್ತಿ: ಹಬ್ಬ ಮುಗಿದ ಮ್ಯಾಲೆ ಬಂದ ಮಾಲು

ಇನ್ನು ರಾಜ್ಯದ ಕಥೆ. 2019ರ ಸಾಲಿನ ರಾಜ್ಯ ಚಲನಚಿತ್ರ ಪ್ರಶಸ್ತಿ ಘೋಷಣೆ ಆದದ್ದು 2025ರ ಜನವರಿಯಲ್ಲಿ. ಸಂಗೀತ ನಿರ್ದೇಶನಕ್ಕೆ 'ಯಜಮಾನ' ಚಿತ್ರದ ವಿ. ಹರಿಕೃಷ್ಣ ಆಯ್ಕೆಯಾದರು. ಅಷ್ಟೊತ್ತಿಗೆ ಸಿನಿಮಾ ಬಂದು ಆರು ವರ್ಷ ಆಗ್ತಾ ಬಂದಿತ್ತು. ಅದೇ ಪಟ್ಟಿಯಲ್ಲಿ 'ಪೈಲ್ವಾನ್' ಚಿತ್ರಕ್ಕೆ ಅತ್ಯುತ್ತಮ ನಟ ಅಂತ ಆಯ್ಕೆಯಾದ ಸುದೀಪ್ ಪ್ರಶಸ್ತಿಯನ್ನೇ ಒಲ್ಲೆ ಅಂದರು.

ಅಂಗಡಿಕಾರರಿಗೆ ಇದು ಬೇಗ ತಿಳೀತದ. ದೀಪಾವಳಿಗೆ ಬೇಕಾದ ಮಾಲು ಯುಗಾದಿಗೆ ಬಂದ್ರ ಯಾರಿಗೆ ಮಾರೂದು? ಹರಿಕೃಷ್ಣ ಅವರಂಥ ಹೆಸರಾದವರಿಗೆ ತಡವಾದ್ರೂ ನಡೀತದ, ಅವರ ಕೈಯಾಗ ಕೆಲಸ ಇರತದ. ಮೊದಲ ಸಿನಿಮಾ ಮಾಡಿದ ಹೊಸ ಹುಡುಗನಿಗೆ ಮಾತ್ರ ಪ್ರಶಸ್ತಿಯೇ ಮುಂದಿನ ಸಿನಿಮಾಕ್ಕೆ ಚೀಟಿ. ಆರು ವರ್ಷ ಕಾಯೂದ್ರಾಗ ಅವನು ಸಂಗೀತ ಬಿಟ್ಟು ಬ್ಯಾರೆ ನೌಕರಿ ಹಿಡಿದಿರ್ತಾನ. ಗದಗಿನಲ್ಲಿ ಹಾರ್ಮೋನಿಯಂ ಕಲಿತು ಸಿನಿಮಾ ಕನಸು ಕಾಣುವ ಹುಡುಗನಿಗೆ ಈ ತಡ ಎಲ್ಲರಿಗಿಂತ ಜಾಸ್ತಿ ಹೊಡೆತ. ಅವನಿಗೆ ಬೆಂಗಳೂರಿನಲ್ಲಿ ಪರಿಚಯದವರು ಇಲ್ಲ, ಸ್ಟುಡಿಯೋ ಬಾಗಿಲು ತೆರೆಸಲು ಆ ಕಾಗದವೇ ಆಧಾರ.

ಹೆಸರು ನಮ್ಮದು, ಕಟ್ಟಡ ಅಲ್ಲಿ

ಇನ್ನೊಂದು ಮಾತು. ಗಂಗೂಬಾಯಿ ಧಾರವಾಡದಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ಬಾಳಿದವರು. ಅವರ ಹೆಸರಿನ ರಾಜ್ಯ ಸಂಗೀತ ವಿಶ್ವವಿದ್ಯಾಲಯ ಇರೋದು ಮೈಸೂರಿನಲ್ಲಿ! ಮೈಸೂರಿನ ಮೇಲೆ ಹೊಟ್ಟೆಕಿಚ್ಚಿಲ್ಲ, ಅಲ್ಲೂ ದೊಡ್ಡ ಸಂಗೀತ ಪರಂಪರೆ ಐತಿ. ಆದರೆ ಹೆಸರು ಕೊಟ್ಟ ಊರಿಗೆ ಒಂದು ಪೂರ್ಣ ಪ್ರಮಾಣದ ಕೇಂದ್ರವಾದರೂ ಬ್ಯಾಡೇನು?

ಪುಣ್ಯಾಶ್ರಮ ಇಲ್ಲಿತನಕ ಮುಖ್ಯವಾಗಿ ನಡೆದದ್ದು ಭಕ್ತರ ಕೈಯಿಂದ. ಪುಟ್ಟರಾಜ ಗವಾಯಿಗಳು ನಾಟಕ ಕಂಪನಿ ನಡೆಸಿ, ಊರೂರಲ್ಲಿ ತುಲಾಭಾರ ಮಾಡಿಸಿಕೊಂಡು ಬಂದದ್ದನ್ನೆಲ್ಲ ಮಕ್ಕಳ ಊಟಕ್ಕೆ ಹಾಕಿದರು. ಆ ತಕ್ಕಡಿಗೆ ನಾಣ್ಯ, ಅಕ್ಕಿ, ಬೆಲ್ಲ ಇಟ್ಟವರಲ್ಲಿ ನಮ್ಮ ರೈತರು, ವರ್ತಕರೇ ಹೆಚ್ಚು. ಹಂಗ ನೋಡಿದರೆ ಹಂಸಲೇಖರ ಆ ಪ್ರಶಸ್ತಿಯಲ್ಲಿ ಅವರದ್ದೂ ಒಂದು ಪಾಲು ಐತಿ.

ಈಗ ನಮ್ಮ ಶಾಸಕರು, ಸಚಿವರ ಮುಂದೆ ಇಡಬೇಕಾದ ಬೇಡಿಕೆ ಸಣ್ಣವೇ. ರಾಜ್ಯ ಚಲನಚಿತ್ರ ಪ್ರಶಸ್ತಿ ಆಯಾ ವರ್ಷ ಮುಗಿದ ಕೂಡಲೇ ಘೋಷಣೆ ಆಗಲಿ. ಸಮಾರಂಭ ಒಂದು ಸಲ ಹುಬ್ಬಳ್ಳಿ-ಧಾರವಾಡದಲ್ಲಿ ನಡೀಲಿ. ಆಶ್ರಮದಲ್ಲಿ ಕಲಿತ ಮಕ್ಕಳಿಗೆ ಸಿನಿಮಾ ಧ್ವನಿಮುದ್ರಣದ ತರಬೇತಿ ಇಲ್ಲೇ ಸಿಗಲಿ. ಮುಂದಿನ ಸಲ ಮತ ಕೇಳಲು ಅಂಗಡಿ ಮುಂದೆ ಬಂದಾಗ ಈ ಮೂರು ಮಾತು ಕೇಳ್ರಿ. ಏನಂದ್ರು ಅಂತ ನಮಗೂ ತಿಳಿಸ್ರಿ.