ನಕಲಿ ಲೇಬರ್ ಕಾರ್ಡ್: ದೂರು ಕೊಟ್ಟವನ ಜೊತೆ ಯಾರಿದ್ದಾರೆ?

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ನಮ್ಮ ಮನೆಗಳಲ್ಲಿ ಗಾರೆ ಕೆಲಸ, ಸೆಂಟ್ರಿಂಗ್, ಟೈಲ್ಸ್, ಪೇಂಟಿಂಗ್ ಮಾಡಿ ಸಂಸಾರ ಸಾಗಿಸುವವರು ಇದ್ದಾರೆ. ಇಂಥವರಿಗೆಂದೇ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿ ಇರುವುದು. 18ರಿಂದ 60 ವರ್ಷದೊಳಗಿನವರಾಗಿ, ಹಿಂದಿನ 12 ತಿಂಗಳಲ್ಲಿ ಕನಿಷ್ಠ 90 ದಿನ ಕಟ್ಟಡ ಕೆಲಸ ಮಾಡಿದವರಿಗೆ ಮಾತ್ರ ಲೇಬರ್ ಕಾರ್ಡ್. ನಡೆದಿದ್ದು ಬೇರೆ. ಒಂದು ದಿನವೂ ಇಟ್ಟಿಗೆ ಮುಟ್ಟದವರು ದಲ್ಲಾಳಿ ಹಿಡಿದು ಕಾರ್ಡ್ ಮಾಡಿಸಿಕೊಂಡರು. ಈಗ ಕಾರ್ಮಿಕ ಇಲಾಖೆಯೇ ರಾಜ್ಯದಾದ್ಯಂತ ನಕಲಿ ಕಾರ್ಡುಗಳನ್ನು ಹುಡುಕಿ ರದ್ದು ಮಾಡುತ್ತಾ ಬಂದಿದೆ.

“ಸರಕಾರದ ದುಡ್ಡಲ್ವಾ ಉಸ್ತಾದ್, ಯಾರು ತಿಂದ್ರೇನು?” ಎಂದು ಕೇಳುವವರಿದ್ದಾರೆ. ಅದು ಬೊಕ್ಕಸದ ದುಡ್ಡಲ್ಲ. 1996ರ ಸೆಸ್ ಕಾಯ್ದೆಯಂತೆ ಕಟ್ಟಡ ಕಟ್ಟಿಸುವವರಿಂದ ವೆಚ್ಚದ ಶೇ. 1ರಷ್ಟು ವಸೂಲಿ ಮಾಡಿ ಕೂಡಿಸಿಟ್ಟ ಹಣ. ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡವನಿಗೆ, ಸತ್ತವನ ಹೆಂಡತಿ ಮಕ್ಕಳಿಗೆ ಸೇರಬೇಕಾದದ್ದು. ಇನ್ನೊಬ್ಬರ ಹಕ್ಕು ತಿನ್ನುವುದು ಹರಾಮ್ ಅಂತ ನಮ್ಮ ಮದ್ರಸದ ಸಣ್ಣ ಮಕ್ಕಳೂ ಹೇಳುತ್ತಾರೆ. ಮಾಂಸದಂಗಡಿಯಲ್ಲಿ ಹಲಾಲ್ ಹೌದೋ ಅಲ್ಲವೋ ಎಂದು ನಾಲ್ಕು ಸಲ ಕೇಳುವ ನಾವು ಈ ಕಾರ್ಡಿನ ವಿಷಯದಲ್ಲಿ ಮಾತ್ರ ಏನೂ ಕೇಳುವುದಿಲ್ಲ.

ಯಾರ ಕಾರ್ಡ್ ಸುಳ್ಳು ಎಂಬುದು ಊರಲ್ಲಿ ಗೊತ್ತಿರುತ್ತದೆ. 90 ದಿನದ ಸರ್ಟಿಫಿಕೇಟಿಗೆ ಸುಳ್ಳು ಸಹಿ ಹಾಕಿದ ಮೇಸ್ತ್ರಿಯ ಕೈಕೆಳಗಿನ ಹುಡುಗನಿಗಂತೂ ಚೆನ್ನಾಗಿ ಗೊತ್ತು. ಆದರೆ ಬಾಯಿ ಬಿಟ್ಟರೆ ನಾಳೆಯ ಕೆಲಸ ಹೋಯಿತು. ಮೇಲಿಂದ “ಫಿತ್ನಾ ಮಾಡುವವ” ಎಂಬ ಹೆಸರು ಬೇರೆ.

ಅವನ ಹೆದರಿಕೆ ಸುಳ್ಳೇನಲ್ಲ. ಕೆ.ಜಿ.ಎಫ್.ನಲ್ಲಿ ಹುಟ್ಟಿ ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಓದಿದ ಮಂಜುನಾಥ್ ಷಣ್ಮುಗಂ ಇಂಡಿಯನ್ ಆಯಿಲ್ ಅಧಿಕಾರಿಯಾಗಿದ್ದರು. ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಪೆಟ್ರೋಲ್ ಬಂಕಿನ ಕಲಬೆರಕೆ ಹಿಡಿದದ್ದಕ್ಕೆ 2005ರ ನವೆಂಬರಿನಲ್ಲಿ ಅವರನ್ನು ಗುಂಡಿಕ್ಕಿ ಕೊಂದರು. ಆಗ ಅವರ ವಯಸ್ಸು 27. ದೂರುದಾರರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಕಾಯ್ದೆ ಮಾಡಿತು, ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಜಾರಿಗೆ ತರುವ ಅಧಿಸೂಚನೆ ಮಾತ್ರ ಹೊರಡಲಿಲ್ಲ. ಹೊರಟರೂ ಅದು ಸರಕಾರಿ ನೌಕರರ ಭ್ರಷ್ಟಾಚಾರದ ದೂರುಗಳಿಗೆ. ಮೇಸ್ತ್ರಿ “ನಾಳೆಯಿಂದ ಬರಬೇಡ” ಅಂದರೆ ದಿನಗೂಲಿಯವನು ಆ ಕಾಗದ ಹಿಡಿದು ಎಲ್ಲಿಗೆ ಹೋಗಬೇಕು?

ಹಾಗಂತ ದಾರಿಯೇ ಇಲ್ಲವೆಂದಲ್ಲ. ಸುಪ್ರೀಂ ಕೋರ್ಟ್ 2018ರ ಡಿಸೆಂಬರಿನಲ್ಲಿ ಸಾಕ್ಷಿ ರಕ್ಷಣಾ ಯೋಜನೆಯನ್ನು ಒಪ್ಪಿ ಎಲ್ಲ ರಾಜ್ಯಗಳಿಗೂ ಅನ್ವಯಿಸಿತು. ಕೇಸು ದಾಖಲಾಗಿ ಸಾಕ್ಷಿಗೆ ಬೆದರಿಕೆ ಬಂದರೆ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಬಹುದು. ನಕಲಿ ಕಾರ್ಡಿನ ದೂರನ್ನು ತಾಲೂಕಿನ ಕಾರ್ಮಿಕ ನಿರೀಕ್ಷಕರಿಗೆ ಲಿಖಿತವಾಗಿ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ. ಇಲಾಖೆಯ ಸಹಾಯವಾಣಿ 155214. ಅಧಿಕಾರಿಯೇ ಶಾಮೀಲಾಗಿದ್ದರೆ ಲೋಕಾಯುಕ್ತ ಇದೆ, ಅಲ್ಲಿ ಪ್ರಮಾಣಪತ್ರ ಸಹಿತ ದೂರು ಬೇಕು.

ಇಷ್ಟೆಲ್ಲ ಓಡಾಟ ಆ ಹುಡುಗನೊಬ್ಬನ ಹೆಗಲಿಗೆ ಹಾಕುವುದು ನ್ಯಾಯವಲ್ಲ. ಅವನು ನಮ್ಮ ಜಮಾಅತ್ ಕಮಿಟಿಗೆ ಗುಟ್ಟಾಗಿ ತಿಳಿಸಲಿ. ಕಮಿಟಿ ವಿಚಾರಿಸಿ, ತನ್ನ ಲೆಟರ್‌ಹೆಡ್ಡಿನಲ್ಲಿ ಅಧ್ಯಕ್ಷ, ಕಾರ್ಯದರ್ಶಿಯ ಸಹಿ ಹಾಕಿ ದೂರು ಕೊಡಲಿ. ಹುಡುಗನ ಹೆಸರು ಹೊರಗೆ ಬರುವುದೇ ಬೇಡ. ವಿಚಾರಿಸಿ ಅಂದದ್ದು ಸುಮ್ಮನೆ ಅಲ್ಲ. ಬೇಲಿ ಜಗಳದ ಸೇಡು ತೀರಿಸಲು ದೂರು ಬರೆಯುವವರೂ ಇರುತ್ತಾರೆ. ಇವತ್ತು ಅಂಗಡಿಯಲ್ಲಿ ಕೂತವನು ಹೋದ ವರ್ಷದವರೆಗೆ ಗಾರೆ ಕಲಸುತ್ತಿದ್ದಿರಬಹುದು. ದೂರಿನಿಂದಾಗಿ ಹುಡುಗನ ಕೆಲಸ ಹೋದರೆ, ಮನೆ ಕಟ್ಟಿಸುತ್ತಿರುವ ಜಮಾಅತಿನ ಯಾರಾದರೂ ಅವನನ್ನು ಕರೆದು ಕೆಲಸ ಕೊಡಲಿ.

ಸುಳ್ಳು ಕಾರ್ಡ್ ಇಟ್ಟುಕೊಂಡಿರುವ ನಮ್ಮವರು ಯಾರೋ ದೂರು ಕೊಡುವ ತನಕ ಕಾಯುವುದು ಬೇಡ. ತಾವಾಗಿಯೇ ಕಾರ್ಮಿಕ ನಿರೀಕ್ಷಕರ ಕಚೇರಿಗೆ ಹೋಗಿ ಅದನ್ನು ರದ್ದು ಮಾಡಿಸಿಕೊಳ್ಳಲಿ.