ಬ್ಲೀಚಿಂಗ್ ಪೌಡರ್ ಎರಚಿದರೆ ಟ್ಯಾಂಕ್ ತೊಳೆದಂತಲ್ಲ

ಹೇಮಾವತಿ ನೀರಿಗಾಗಿ ಗುಬ್ಬಿಯವರೂ ಕುಣಿಗಲ್‌ನವರೂ ಎಕ್ಸ್‌ಪ್ರೆಸ್ ಲಿಂಕ್ ಕೆನಾಲ್ ವಿಷಯದಲ್ಲಿ ಎದುರುಬದುರಾಗಿದ್ದಾರೆ. ಬುಗುಡನಹಳ್ಳಿ ಕೆರೆಗೆ ನೀರು ಬಂತಾ ಇಲ್ಲವಾ ಅನ್ನುವುದು ತುಮಕೂರು ನಗರದ ಚಿಂತೆ. ಜಗಳ ನ್ಯಾಯವಾದದ್ದೇ. ಆದರೆ ಬಂದ ನೀರು ಎಂಥ ಟ್ಯಾಂಕಿನಲ್ಲಿ ನಿಂತು ನಮ್ಮ ಬಿಂದಿಗೆಗೆ ಬೀಳುತ್ತಿದೆ ಅಂತ ಮೂರು ಕಡೆಯೂ ಕೇಳುವವರು ಕಡಿಮೆ. ನಾವು ಕೇಳುತ್ತೇವೆ.

ನಿಮ್ಮೂರಿನ ಮಿನಿ ಟ್ಯಾಂಕಿನ ಒಳಗೋಡೆಗೆ ಬೆರಳು ತಾಗಿಸಿ ನೋಡಿ. ಜಾರಿದರೆ ಪಾಚಿ ಅಂದು ಸುಮ್ಮನಾಗಬೇಡಿ. ಬಿಸಿಲೇ ಬೀಳದ ಪೈಪಿನೊಳಗೂ ಲೋಳೆ ಕಟ್ಟುತ್ತದೆ. ಅದು ಬ್ಯಾಕ್ಟೀರಿಯಾಗಳು ಅಂಟು ಸುರಿಸಿ ಕಟ್ಟಿಕೊಂಡ ಕೋಟೆ. ವಿಜ್ಞಾನಿಗಳು ಇದನ್ನು ಬಯೋಫಿಲ್ಮ್ ಅನ್ನುತ್ತಾರೆ.

ಮೇಲಿಂದ ಬ್ಲೀಚಿಂಗ್ ಪೌಡರ್ ಸುರಿದರೆ ಏನಾಗುತ್ತದೆ? ನೀರಿನಲ್ಲಿ ತೇಲುವ ರೋಗಾಣುಗಳು ಸಾಯುತ್ತವೆ. ಗೋಡೆಯ ಲೋಳೆಗೆ ತಾಗಿದ ಕ್ಲೋರಿನ್ ಮಾತ್ರ ಮೇಲ್ಪದರದ ಜೊತೆ ಗುದ್ದಾಡಿ ಅಲ್ಲೇ ಖರ್ಚಾಗುತ್ತದೆ. ಒಳಪದರದಲ್ಲಿರುವವು ಬದುಕಿಕೊಳ್ಳುತ್ತವೆ. ಕೆಲವು ನಿದ್ದೆ ಹೋದಂತೆ ಸುಮ್ಮನಿದ್ದು, ಕ್ಲೋರಿನ್ ಇಳಿದ ಮೇಲೆ ಮತ್ತೆ ಬೆಳೆಯುತ್ತವೆ. ಲೋಳೆ ಕಿತ್ತು ಬಂದಾಗ ಅವು ನಲ್ಲಿಗೇ ಬರುತ್ತವೆ.

ಆರ್‌ಒ ನೀರು ತರುತ್ತೇವೆ, ನಮಗೇನು ಅಂತೀರಾ? ಘಟಕದಲ್ಲಿ ಶುದ್ಧವಾದ ನೀರಿನಲ್ಲಿ ಕ್ಲೋರಿನ್ ಉಳಿದಿರುವುದಿಲ್ಲ. ಆಮೇಲೆ ಅದು ನಿಲ್ಲುವ ಟ್ಯಾಂಕು, ಹರಿಯುವ ಪೈಪು, ನೀವು ಒಯ್ಯುವ ಕ್ಯಾನು ಲೋಳೆ ಹಿಡಿದಿದ್ದರೆ ಅಲ್ಲಿ ಕಾಯುವವರು ಯಾರೂ ಇಲ್ಲ.

ಇನ್ನೂ ದೊಡ್ಡ ಅಪಾಯವಿದೆ. ಲೋಳೆಯೊಳಗೆ ಬೇರೆ ಬೇರೆ ಜಾತಿಯ ಬ್ಯಾಕ್ಟೀರಿಯಾಗಳು ಒತ್ತೊತ್ತಾಗಿ ಬದುಕುತ್ತವೆ. ಔಷಧಿಗೆ ಜಗ್ಗದಿರುವ ಗುಣವನ್ನು, ಅಂದರೆ ಆ ಜೀನನ್ನು, ಒಂದು ಇನ್ನೊಂದಕ್ಕೆ ದಾಟಿಸುತ್ತದೆ. ಇತ್ತ ನಾವು ಭೇದಿಯಾದರೆ ಮೆಡಿಕಲ್ ಶಾಪಿಗೆ ಹೋಗಿ ಎರಡು ಮಾತ್ರೆ ನುಂಗಿ, ನಿಂತ ಕೂಡಲೇ ಬಿಡುತ್ತೇವೆ. 2014ರಿಂದಲೇ ಹಲವು ಆಂಟಿಬಯೋಟಿಕ್‌ಗಳು ಎಚ್1 ಪಟ್ಟಿಯಲ್ಲಿವೆ; ಚೀಟಿ ಇಲ್ಲದೆ ಮಾರುವಂತಿಲ್ಲ. ಅತ್ತ ಟ್ಯಾಂಕು, ಇತ್ತ ಹೊಟ್ಟೆ, ಎರಡೂ ಕಡೆ ರೋಗಾಣುಗಳಿಗೆ ನಾವೇ ತರಬೇತಿ ಕೊಡುತ್ತಿದ್ದೇವೆ. ಹೀಗೆ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ 2019ರಲ್ಲಿ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆ ಅಂದಾಜು ಪ್ರಕಟಿಸಿದೆ.

2024ರ ಜೂನ್‌ನಲ್ಲಿ ನಮ್ಮದೇ ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಚಿನ್ನೇನಹಳ್ಳಿಯಲ್ಲಿ ವಾಂತಿ-ಭೇದಿಯಿಂದ ಜನ ಸತ್ತದ್ದು ಮರೆಯುವಂಥದ್ದಲ್ಲ. ಅದಕ್ಕೆ ಲೋಳೆಯೇ ಕಾರಣ ಅಂತ ನಾವು ಹೇಳುತ್ತಿಲ್ಲ. ಕುಡಿಯುವ ನೀರಿನ ವಿಷಯದಲ್ಲಿ ಕಾಟಾಚಾರ ನಡೆಯುವುದಿಲ್ಲ ಅಂತ ಹೇಳುತ್ತಿದ್ದೇವೆ.

ನಮ್ಮ ಅಜ್ಜಿಯಂದಿರು ಬಿಂದಿಗೆಯನ್ನು ಹುಣಸೆಹಣ್ಣು, ತೆಂಗಿನ ನಾರು ಹಾಕಿ ತಿಕ್ಕದೆ ನೀರು ತುಂಬುತ್ತಿರಲಿಲ್ಲ. ಬಿಂದಿಗೆಗೆ ಇರುವ ನ್ಯಾಯ ಇಡೀ ಊರು ಕುಡಿಯುವ ಟ್ಯಾಂಕಿಗೆ ಏಕಿಲ್ಲ? ಪೌಡರ್ ಮೂಟೆಗೆ ಬಿಲ್ಲು ಮಾಡುವುದು ಸುಲಭ. ತಿಕ್ಕುವುದಕ್ಕೆ ಆಳು ಬೇಕು, ಕೂಲಿ ಬೇಕು, ನೀರು ನಿಲ್ಲಿಸಿ ಜನರ ಬೈಗುಳ ತಿನ್ನಬೇಕು. ಹಾಗಂತ ವಾಟರ್‌ಮ್ಯಾನ್ ಮೇಲೆ ಹರಿಹಾಯಬೇಡಿ. ಬ್ರಷ್ಷು, ಬೂಟು, ಗ್ಲೌಸು ಕೊಡದೆ, ಜೊತೆಗೆ ಒಬ್ಬರನ್ನೂ ಕಳಿಸದೆ ಅವರೊಬ್ಬರನ್ನೇ ಟ್ಯಾಂಕಿಗೆ ಇಳಿಸುವವರನ್ನು ಕೇಳಿ.

ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ನಾಲ್ಕು ಮಾತು ಕೇಳಿ. ಟ್ಯಾಂಕನ್ನು ಖಾಲಿ ಮಾಡಿ, ತಿಕ್ಕಿ, ತೊಳೆದು, ಆಮೇಲೆ ಕ್ಲೋರಿನ್ ಹಾಕಿದ್ದು ಯಾವತ್ತು? ಆ ತಾರೀಖನ್ನು ಟ್ಯಾಂಕಿನ ಮೇಲೆ ಬಣ್ಣದಲ್ಲಿ ಬರೆಸುತ್ತೀರಾ? ಊರ ಕೊನೆಯ ನಲ್ಲಿಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿದೆಯಾ? ಜಲಜೀವನ್ ಮಿಷನ್‌ನಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು. ನಮ್ಮೂರಿನ ಆ ಐವರು ಯಾರು, ಕಿಟ್ ಎಲ್ಲಿದೆ?

ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ. ಪೌಡರ್ ಬಿಲ್ಲಿನ ಜೊತೆಗೆ ತಿಕ್ಕಿದ ಕೂಲಿಯ ಬಿಲ್ಲನ್ನೂ ಕೇಳಿ. ಎರಡನೆಯದು ಇಲ್ಲದಿದ್ದರೆ ಮೊದಲನೆಯದು ನಿಮ್ಮ ತೆರಿಗೆ ದುಡ್ಡನ್ನು ಲೋಳೆಗೆ ಸುರಿದ ಲೆಕ್ಕ.